ಮಗುವಿನ ಮೊದಲ ಬಾತುಬೇಟೆ: ಮಿನ್ನೆಸೋಟಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಮಿನ್ನೆಸೋಟಕ್ಕೆ ಬಂದು ಒಂದೆರಡು ವರ್ಷ ಕಳೆಯುವಷ್ಟರಲ್ಲಿ, ಶಾಲೆಯಿಂದ ಬಂದ ನಿಮ್ಮ ಮಗ ಅಥವಾ ಮಗಳು ತನ್ನ ಗೆಳೆಯನೊಬ್ಬ ಅಪ್ಪನೊಂದಿಗೆ ಬಾತುಬೇಟೆಗೆ ಹೋಗಿಬಂದ ಕಥೆ ಹೇಳಿ, ನಾವೂ ಹೋಗೋಣವೇ ಎಂದು ಕೇಳಬಹುದು. ನಾನು ಕೊಡಗಿನಲ್ಲಿ ಬೆಳೆದವನು. ಸೆಪ್ಟೆಂಬರ್ ಆರಂಭದಲ್ಲಿ ಬರುವ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಮುಹೂರ್ತದ ದಿನ ಕೋವಿಗೆ ತೋಕುಪೂ ಎಂಬ ಹೂ ಮುಡಿಸಿ ಪೂಜಿಸುವುದನ್ನು ಕಂಡಿದ್ದೇನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನನಗೆ ಬೇಟೆಯೆಂದರೆ ಅಜ್ಜ ಹೇಳುತ್ತಿದ್ದ ಕಥೆಗಳಷ್ಟೇ ಆಗಿತ್ತು. ಇಲ್ಲಿ ನನ್ನ ಮಗಳು ಕೇಳಿದಾಗ ನಾನೂ ಅವಳೊಂದಿಗೆ ಮೊದಲಿನಿಂದ ಕಲಿಯಬೇಕಾಯಿತು.

ಕೋವಿ ಮುಟ್ಟುವ ಮೊದಲು ನಿಮ್ಮ ವೀಸಾದ ವಿಷಯವನ್ನು ತಿಳಿದುಕೊಳ್ಳಿ. ಇದನ್ನು ನಮ್ಮವರು ಅನೇಕರು ಗಮನಿಸುವುದಿಲ್ಲವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಎಚ್-1ಬಿ, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾಗಳ ಮೇಲೆ ಬಂದವರು ಕೋವಿಯನ್ನಾಗಲಿ ತೋಟೆಗಳನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದ ರಾಜ್ಯವೊಂದು ಕ್ರಮಬದ್ಧವಾಗಿ ನೀಡಿದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ಅದರಲ್ಲಿ ವಿನಾಯಿತಿ ಇದೆ. ಎಚ್-4 ವೀಸಾದಲ್ಲಿರುವ ನಿಮ್ಮ ಮಗುವಿಗೂ ಇದೇ ನಿಯಮ ಅನ್ವಯಿಸುತ್ತದೆ. ಸ್ನೇಹಿತರ ಕೋವಿಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದರೂ ವಲಸೆಯ ಕಡತಕ್ಕೆ ತೊಂದರೆ ಬರಬಹುದಾದ್ದರಿಂದ, ವಲಸೆ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ.

ಮಿನ್ನೆಸೋಟದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಬೇಟೆ ಪರವಾನಗಿ ಕೊಳ್ಳಲು ಕೋವಿ ಸುರಕ್ಷತೆಯ ಪ್ರಮಾಣಪತ್ರ ಪಡೆದಿರಬೇಕು. 11 ವರ್ಷದ ಮಕ್ಕಳು ಈ ತರಬೇತಿಗೆ ಸೇರಬಹುದು, ಪ್ರಮಾಣಪತ್ರ 12ರಿಂದ ಊರ್ಜಿತವಾಗುತ್ತದೆ. ಮಗುವನ್ನು ಸೇರಿಸುವಾಗ ನೀವೂ ಜೊತೆಗೆ ಕುಳಿತು ಕಲಿಯಿರಿ. ನಳಿಗೆ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮುಟ್ಟಬಾರದು ಎಂಬ ಮಾತುಗಳನ್ನು ತಂದೆತಾಯಿಯ ಬಾಯಿಂದಲೂ ಕೇಳಿದ ಮಗು ಅವನ್ನು ಬೇಗ ಮರೆಯುವುದಿಲ್ಲ. ಬಾತುಬೇಟೆಗೆ 16 ವರ್ಷ ತುಂಬಿದವರೆಲ್ಲರಿಗೂ ಫೆಡರಲ್ ಡಕ್ ಸ್ಟ್ಯಾಂಪ್ ಎಂಬ ಶುಲ್ಕದ ಚೀಟಿ ಬೇಕು. 1934ರಲ್ಲಿ ಆರಂಭವಾದ ಈ ಸ್ಟ್ಯಾಂಪಿನ ಹಣದ ಬಹುಪಾಲು ಜೌಗುನೆಲಗಳನ್ನು ಕೊಂಡು ಕಾಪಾಡಲು ವಿನಿಯೋಗವಾಗುತ್ತದೆ. ನೀವು ಬೇಟೆಗೆ ಹೋಗಬಹುದಾದ ಇಲ್ಲಿನ ಸಾರ್ವಜನಿಕ ಜಲಪಕ್ಷಿ ನೆಲೆಗಳಲ್ಲಿ ಎಷ್ಟೋ ಆ ಹಣದಿಂದಲೇ ಕೊಂಡವು. ಇದನ್ನು ಮಗುವಿಗೆ ಹೇಳಿ.

ಮೊದಲ ಸಲ ಕೋವಿಯಿಲ್ಲದೆ ಹೋಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗಸ್ಟಿನ ಒಂದು ಸಂಜೆ ದುರ್ಬೀನು ಹಿಡಿದು ಜೊಂಡಿನ ಅಂಚಿನಲ್ಲಿ ಕುಳಿತುಕೊಂಡು, ಯಾವುದು ಮಲ್ಲಾರ್ಡ್, ಯಾವುದು ಟೀಲ್, ಯಾವುದು ವುಡ್ ಡಕ್ ಎಂದು ಗುರುತಿಸುವ ಅಭ್ಯಾಸ ಮಾಡಿಸಿ. ಋತುವಿನ ಆರಂಭದಲ್ಲಿ ಗಂಡುಬಾತುಗಳು ಇನ್ನೂ ಮಾಸಲು ಗರಿಯಲ್ಲೇ ಇದ್ದು ಹೆಣ್ಣಿನಂತೆ ಕಾಣುತ್ತವೆ. ಆಗ ಮಲ್ಲಾರ್ಡಿನಲ್ಲಿ ಗಂಡಿನ ಕೊಕ್ಕು ಹಳದಿ-ಹಸಿರು, ಹೆಣ್ಣಿನದು ಕಪ್ಪು ಮಚ್ಚೆಗಳಿರುವ ಕಿತ್ತಳೆ ಎಂಬ ಗುರುತು ನೆರವಾಗುತ್ತದೆ. ದಿನಕ್ಕೆ ಇಷ್ಟೇ ಬಾತು, ಅದರಲ್ಲಿ ಹೆಣ್ಣು ಮಲ್ಲಾರ್ಡ್ ಇಷ್ಟೇ ಎಂಬ ಮಿತಿ ಇರುವುದರಿಂದ (ಆ ವರ್ಷದ ನಿಯಮಪುಸ್ತಕವನ್ನು ತಪ್ಪದೆ ನೋಡಿ) ಅನುಮಾನವಿದ್ದ ಹಕ್ಕಿಗೆ ಹೊಡೆಯಬಾರದೆಂಬ ಪಾಠವನ್ನು ಈ ಸಂಜೆಗಳಲ್ಲೇ ಕಲಿಸಬೇಕು.

ಕೋವಿಯೊಂದಿಗೆ ಹೋಗಲು ಮಕ್ಕಳಿಗೆಂದೇ ಮೀಸಲಾದ ವಾರಾಂತ್ಯವನ್ನು ಆರಿಸಿಕೊಳ್ಳಿ. ಅದು ಸಾಮಾನ್ಯ ಋತುವಿಗಿಂತ ಮುಂಚೆ, ಕೈಲ್‌ಮುಹೂರ್ತ ಕಳೆದ ಕೆಲವೇ ದಿನಗಳಲ್ಲಿ ಬರುತ್ತದೆ. ಆ ಎರಡು ದಿನ ಮಕ್ಕಳು ಮಾತ್ರ ಬಾತು ಹೊಡೆಯಬಹುದು, ಜೊತೆಗಿರುವ 18 ದಾಟಿದ ಹಿರಿಯರು ಹೊಡೆಯುವಂತಿಲ್ಲ. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ, ಏಕೆಂದರೆ ನಿಮ್ಮ ಕಣ್ಣು ಆಕಾಶದ ಮೇಲಿರದೆ ಪೂರ್ತಿಯಾಗಿ ಮಗುವಿನ ಮೇಲೆ ಮತ್ತು ಅದರ ಕೈಯಲ್ಲಿರುವ ಕೋವಿಯ ಮೇಲೆ ಇರುತ್ತದೆ.

ಮಗುವಿಗೆ ಹಗುರವಾದ, ಗಿಡ್ಡ ಹಿಡಿಯ 20 ಗೇಜ್ ಕೋವಿ ಸಾಕು. ದೊಡ್ಡ ಕೋವಿಯ ಹೊಡೆತ ಒಮ್ಮೆ ಭುಜಕ್ಕೆ ತಾಗಿದರೆ ಮಗು ಮುಂದಿನ ಸಲ ಕಣ್ಣುಮುಚ್ಚಿ ಟ್ರಿಗರ್ ಎಳೆಯುತ್ತದೆ. ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯದಂತೆ ಒಳಗೆ ತಡೆ ಹಾಕಿರಬೇಕು. 1991ರಿಂದ ದೇಶದಾದ್ಯಂತ ಜಲಪಕ್ಷಿ ಬೇಟೆಯಲ್ಲಿ ಸೀಸದ ಚರೆ ನಿಷಿದ್ಧ, ಏಕೆಂದರೆ ನೀರಿನ ತಳಕ್ಕೆ ಬಿದ್ದ ಸೀಸವನ್ನು ನುಂಗಿ ಬಾತುಗಳು ವಿಷವೇರಿ ಸಾಯುತ್ತಿದ್ದವು. ಉಕ್ಕಿನ ಚರೆಯ ತೋಟೆಗಳನ್ನೇ ಕೊಳ್ಳಿ. ಜೇಬಿನಲ್ಲಿ ಹಳೆಯ ಸೀಸದ ತೋಟೆ ಉಳಿದಿದ್ದರೂ ತಪ್ಪೇ ಆದ್ದರಿಂದ ಹೊರಡುವ ಮುನ್ನ ಜೇಬುಗಳನ್ನು ಬರಿದು ಮಾಡಿ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ದೋಣಿಯಲ್ಲಿ ಲೈಫ್ ಜಾಕೆಟ್ ಬೇಕೇ ಬೇಕು.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೊಡೆಯಲು ಅನುಮತಿಯಿದೆ, ಹಾಗಾಗಿ ನಾಲ್ಕು ಗಂಟೆಗೇ ಏಳಬೇಕಾಗುತ್ತದೆ. ಎರಡು ಜೊತೆ ಕಾಲುಚೀಲ, ಒಣ ಬಟ್ಟೆ, ಫ್ಲಾಸ್ಕಿನಲ್ಲಿ ಬಿಸಿ ಹಾಲು, ಮಗು ಇಷ್ಟಪಡುವ ತಿಂಡಿ ಇವೆಲ್ಲ ಕೋವಿಯಷ್ಟೇ ಮುಖ್ಯ. ಡಿಕಾಯ್‌ಗಳನ್ನು (ಹಕ್ಕಿಗಳನ್ನು ಸೆಳೆಯುವ ನಕಲಿ ಬಾತುಗಳನ್ನು) ನೀರಿಗೆ ಬಿಡುವ ಕೆಲಸವನ್ನು ಮಗುವಿಗೇ ಕೊಡಿ. ತೀರ ಒತ್ತಾದ ಜೊಂಡಿನ ಬಳಿ ಕೂರಬೇಡಿ, ಬಿದ್ದ ಹಕ್ಕಿಯನ್ನು ಹುಡುಕಿ ತರುವ ಹೊಣೆ ಕಾನೂನಿನಲ್ಲೂ ಇದೆ, ನಾಯಿಯಿಲ್ಲದವರಿಗೆ ಅಲ್ಲಿ ಅದು ಸಾಧ್ಯವಾಗುವುದಿಲ್ಲ. ಚಳಿ ಎಂದು ಮಗು ಮೊದಲ ಸಲ ಹೇಳಿದಾಗಲೇ ಎದ್ದುಬಿಡಿ. ನಾನು ಮೊದಲ ವರ್ಷ ಇನ್ನು ಹತ್ತೇ ನಿಮಿಷ ಎಂದು ಒಂದು ಗಂಟೆ ಕೂರಿಸಿದ್ದರಿಂದ ಮಗಳು ಮುಂದಿನ ವರ್ಷ ಬರಲು ಒಪ್ಪಲೇ ಇಲ್ಲ, ಅದಕ್ಕಾಗಿ ಇಂದಿಗೂ ನೊಂದುಕೊಳ್ಳುತ್ತೇನೆ.

ಮೂರನೆಯ ವರ್ಷ ಅವಳು ಒಂದು ನೀಲಿರೆಕ್ಕೆಯ ಟೀಲನ್ನು ಹೊಡೆದಳು. ಅದು ಇನ್ನೂ ಬೆಚ್ಚಗಿದ್ದಾಗ ಅಂಗೈಯಲ್ಲಿ ಹಿಡಿದು ಅತ್ತಳು. ನಿಮ್ಮ ಮಗುವೂ ಅತ್ತರೆ ನಗಬೇಡಿ, ಶಹಭಾಸ್ ಎಂದು ಬೆನ್ನು ತಟ್ಟಿ ಅಳುವನ್ನು ಮರೆಸಲೂ ಹೋಗಬೇಡಿ, ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಮನೆಯಲ್ಲಿ ಮಾಂಸ ತಿನ್ನದವರಿದ್ದರೆ, ಅಥವಾ ಅಜ್ಜಿ ತಾತ ಊರಿನಿಂದ ಬಂದಿದ್ದರೆ, ಹೋಗುವ ಮೊದಲೇ ಅವರೊಡನೆ ಮಾತನಾಡಿರಿ. ಹಕ್ಕಿಯನ್ನು ಹಿಡಿದು ಬಾಗಿಲಲ್ಲಿ ನಿಂತ ಮಗು ಹಿರಿಯರ ಬೈಗುಳ ಕೇಳುವಂತಾಗಬಾರದು. ರಜೆಗೆ ಊರಿಗೆ ಹೋದಾಗ ಗದಗದ ಮಾಗಡಿ ಕೆರೆಗೆ ಬರುವ ಬಾತು, ಪಟ್ಟೆತಲೆ ಹೆಬ್ಬಾತುಗಳನ್ನು ನೋಡುವುದಕ್ಕೆ ಮಾತ್ರ ಅವಕಾಶ, ಅಲ್ಲಿ ಹೊಡೆಯುವುದು ಅಪರಾಧ ಎಂದೂ ಮಗುವಿಗೆ ಮುಂಚೆಯೇ ತಿಳಿಸಿ.

ಹಕ್ಕಿಯನ್ನು ಮನೆಗೆ ತರುವವರೆಗೆ ಗರಿಸಹಿತವಾದ ಒಂದು ರೆಕ್ಕೆ ಅಥವಾ ತಲೆ ಅದರ ಮೈಗೆ ಅಂಟಿಕೊಂಡೇ ಇರಬೇಕು, ಅಧಿಕಾರಿಗಳು ಜಾತಿ ಗುರುತಿಸುವುದು ಅದರಿಂದಲೇ. ಕಾಡುಬಾತಿನ ಮಾಂಸದಲ್ಲಿ ಕೊಬ್ಬು ಕಡಿಮೆ, ಬಹಳ ಹೊತ್ತು ಬೇಯಿಸಿದರೆ ಗಟ್ಟಿಯಾಗುತ್ತದೆ. ನಾವು ಎದೆಯ ಭಾಗವನ್ನು ತೆಳ್ಳಗೆ ಹೆಚ್ಚಿ, ಕರಿಮೆಣಸು ಮತ್ತು ಒಂದು ಚಮಚ ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿ ಹುರಿದೆವು. ಚರೆ ಹಲ್ಲಿಗೆ ಸಿಕ್ಕೀತು ಎಂದು ಪ್ರತಿ ತುಂಡನ್ನೂ ಬೆರಳಿನಿಂದ ಒತ್ತಿ ನೋಡುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.