ಇವಿ ಚಾರ್ಜರ್ ಹಾಕಿಸುವ ಮೊದಲು ವೈರಿಂಗ್ ನೋಡಿಸಿ
ಮನೆಯಲ್ಲಿ ಇವಿ, ಅಂದರೆ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಗೀಸರ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಚಾರ್ಜರ್ ಹಾಗಲ್ಲ. 7.4 ಕಿಲೋವ್ಯಾಟ್ ಚಾರ್ಜರ್ ಸಿಂಗಲ್ ಫೇಸ್‌ನಲ್ಲಿ ಸುಮಾರು 32 ಆಂಪಿಯರ್ ಕರೆಂಟನ್ನು ಗಂಟೆಗಟ್ಟಲೆ ಎಳೆಯುತ್ತಲೇ ಇರುತ್ತದೆ. ಎಲ್ಲೋ ಒಂದು ಸ್ಕ್ರೂ ಸಡಿಲವಾಗಿದ್ದರೂ ಆ ಜಾಗ ಕಾದು ಕಾದು ಕರಗಬಹುದು, ಬೆಂಕಿಯೂ ಹತ್ತಬಹುದು.

ಅದಕ್ಕೇ ಮೇನ್ ಬೋರ್ಡಿನಿಂದ ಚಾರ್ಜರ್‌ಗೆ ಬೇರೆಯದೇ ಲೈನ್, ಬೇರೆಯದೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಇಷ್ಟು ಲೋಡಿಗೆ ಸಾಮಾನ್ಯವಾಗಿ 6 ಚದರ ಮಿ.ಮೀ. ತಾಮ್ರದ ವೈರ್ ಬೇಕು. ದೂರ ಜಾಸ್ತಿಯಿದ್ದರೆ ಇನ್ನೂ ದಪ್ಪ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ.

ಬಹಳ ಜನ ಕೇಳದೇ ಬಿಡುವುದು ಆರ್‌ಸಿಡಿ ವಿಷಯ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿದು ಶಾಕ್‌ನಿಂದ ಕಾಪಾಡುವ ಸ್ವಿಚ್. 30 ಮಿಲಿಆಂಪಿಯರ್‌ನದು ಇದ್ದರಷ್ಟೇ ಸಾಲದು, ಯಾವ ಟೈಪ್ ಅಂತ ನೋಡಿ. ಕಾರಿನಿಂದ ಡಿಸಿ ಕರೆಂಟ್ (ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿಗೆ ಹರಿಯುವುದು) ಸೋರಿದರೆ ಎಸಿ ಟೈಪ್ ಆರ್‌ಸಿಡಿ ಟ್ರಿಪ್ ಆಗದೇ ಉಳಿಯಬಹುದು. ಚಾರ್ಜರ್ ಒಳಗೇ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ಮಾಡುವ ವ್ಯವಸ್ಥೆ ಇದ್ದರೆ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಹಾಕಿಸಿ. ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ.

ಅರ್ಥಿಂಗ್ ಸರಿಯಿದೆಯೇ ಎಂದು ಮೀಟರ್ ಇಟ್ಟು ಅಳೆಸಿ, ಬಾಯಿಮಾತು ನಂಬಬೇಡಿ. ಮನೆಗೆ ಮಂಜೂರಾದ ಲೋಡ್ ಸಾಲದಿದ್ದರೆ ಮೊದಲು ಹೆಚ್ಚಿಸಿಕೊಳ್ಳಿ. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಆಗಲಿ.

ಮೊದಲ ಸಲ ಚಾರ್ಜ್‌ಗೆ ಹಾಕಿದಾಗ ಒಂದು ಗಂಟೆ ಹತ್ತಿರವೇ ಇರಿ. ಸುಟ್ಟ ವಾಸನೆ ಬಂದರೆ ಅಥವಾ ಬೋರ್ಡಿನ ಮುಚ್ಚಳ ಮುಟ್ಟಲಾಗದಷ್ಟು ಬಿಸಿಯಾದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ನರನ್ನು ಮತ್ತೆ ಕರೆಸಿ.