ಗುರುಗುಟ್ಟುವುದನ್ನು ಬಿಡಿಸದೆ ಕಚ್ಚುವುದನ್ನು ಬಿಡಿಸಿದ ಬಗೆ: ನನ್ನ ಅನುಭವ

ಗುರುಗುಟ್ಟುವ ನಾಯಿಯನ್ನು ಗದರಿಸಬೇಡಿ ಎಂದು ನಾನು ಹೇಳತೊಡಗಿದಾಗ ದಾವಣಗೆರೆಯಲ್ಲಿ ನನ್ನಂತೆ ನಾಯಿಗಳಿಗೆ ತರಬೇತಿ ಕೊಡುವವರಲ್ಲಿ ನಕ್ಕವರೇ ಹೆಚ್ಚು. ಮುಧೋಳದಂಥ ಬೇಟೆ ನಾಯಿಯ ಮುಂದೆ ಬಹುಮಾನದ ಮಂಡಕ್ಕಿ ಹಿಡಿದು ಕೂತರೆ ಕೈ ಉಳಿಯುವುದಿಲ್ಲ ಎಂದು ಒಬ್ಬರು, ಮಾಲೀಕರು ತಿಂಗಳ ಕೊನೆಗೆ ದುಡ್ಡು ವಾಪಸು ಕೇಳುತ್ತಾರೆ ಎಂದು ಇನ್ನೊಬ್ಬರು ಎಚ್ಚರಿಸಿದ್ದರು. ಕೈ ಉಳಿದಿದೆ, ತಡವಾಗಿಯಾದರೂ ದುಡ್ಡೂ ಬಂದಿದೆ. ಚನ್ನಗಿರಿ ಕಡೆಯ ಅಡಿಕೆ ತೋಟವೊಂದರಲ್ಲಿ ನಾನು ತರಬೇತಿ ಕೊಟ್ಟ ಕಚ್ಚುವ ನಾಯಿ ಕಳೆದ ಕೊಯ್ಲಿನಲ್ಲಿ ಹತ್ತು ಹನ್ನೆರಡು ಆಳುಗಳ ನಡುವೆ ಓಡಾಡಿಕೊಂಡಿದ್ದು ಯಾರ ಮೈಗೂ ಬಾಯಿ ಹಾಕಲಿಲ್ಲ. ಕೂರಿಸುವುದು, ನಿಲ್ಲಿಸುವುದು, ಕರೆದರೆ ಬರುವಂತೆ ಮಾಡುವುದು ಇವೆಲ್ಲ ನಿಮಗೆ ಗೊತ್ತಿರುವುದರಿಂದ ಅವುಗಳನ್ನು ಇಲ್ಲಿ ಎತ್ತುವುದಿಲ್ಲ.

ನಾಯಿ ಮೂರು ವರ್ಷದ ಗಂಡು, ಮುಧೋಳದ್ದೇ ತಳಿ. ನನ್ನ ಬಳಿಗೆ ಬರುವ ಮೊದಲು ಬೇರೊಬ್ಬ ತರಬೇತುದಾರರ ಕೈಯಲ್ಲಿ ಎರಡು ತಿಂಗಳು ಇತ್ತು. ಜಗ್ಗಿದರೆ ಕುತ್ತಿಗೆ ಬಿಗಿಯುವ ಚೋಕ್ ಚೈನು, ಬೆತ್ತ, ಗುರುಗುಟ್ಟಿದಾಗಲೆಲ್ಲ ಒಂದು ಜಗ್ಗು. ಖರ್ಚು ಹದಿನೈದು ಸಾವಿರದ ಹತ್ತಿರ. ನಾಯಿ ಗುರುಗುಟ್ಟುವುದನ್ನು ನಿಜಕ್ಕೂ ನಿಲ್ಲಿಸಿತು, ಮನೆಯವರು ಸಂತೋಷಪಟ್ಟರು. ಅದಾದ ಕೆಲವೇ ವಾರಗಳಲ್ಲಿ ಕೊಯ್ಲಿಗೆ ಬಂದಿದ್ದ ಆಳೊಬ್ಬನ ಮೀನಖಂಡವನ್ನು ಸದ್ದಿಲ್ಲದೆ ಹಿಡಿಯಿತು, ಮುಂದಿನ ತಿಂಗಳು ಇನ್ನೊಬ್ಬನ ತೊಡೆಯನ್ನು. ಆಸ್ಪತ್ರೆ, ರೇಬೀಸ್ ಚುಚ್ಚುಮದ್ದಿಗೆ ಓಡಾಟ, ಕೆಲಸ ತಪ್ಪಿದ ದಿನಗಳ ಕೂಲಿ ಎಲ್ಲ ಸೇರಿ ಮಾಲೀಕರಿಗೆ ಮತ್ತೆ ಹತ್ತು ಹನ್ನೆರಡು ಸಾವಿರ ಕೈ ಕಚ್ಚಿತು. ಅವರು ನನ್ನೆದುರು ಹೇಳಿದ್ದು ಇಷ್ಟು: "ಮೊದ್ಲು ಗುರ್ ಅನ್ನೋದು ಸರ್, ನಾವೇ ಹಿಂದೆ ಸರೀತಿದ್ವಿ. ಈಗ ಅದೂ ಇಲ್ಲ, ಸುಮ್ನೆ ಬಂದು ಹಿಡೀತೈತಿ."

ರೋಗವೇನೆಂಬುದನ್ನು ಅವರೇ ಹೇಳಿ ಮುಗಿಸಿದ್ದರು. ನಾಯಿ ಕಚ್ಚುವ ಹೊತ್ತಿಗೆ ಅದರ ಮೈ ನಾಲ್ಕೈದು ಮೆಟ್ಟಿಲು ಹತ್ತಿರುತ್ತದೆ: ಮುಖ ತಿರುಗಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಮೈ ಬಿಗಿದು ನಿಲ್ಲುತ್ತದೆ, ಕಣ್ಣಿನ ಅಂಚಿನಲ್ಲಿ ಬಿಳಿ ಕಾಣಿಸುತ್ತದೆ, ಆಮೇಲೆ ಗುರುಗುಟ್ಟುತ್ತದೆ. ಮನೆಯವರ ಕಣ್ಣಿಗೆ ಕಿವಿಗೆ ಬೀಳುವುದು ಕೊನೆಯ ಮೆಟ್ಟಿಲು ಮಾತ್ರ. ಆ ಮೆಟ್ಟಿಲನ್ನು ಬೆತ್ತದಿಂದ ಕಿತ್ತುಹಾಕಿದರೆ ನಾಯಿಯ ಅಂಜಿಕೆ ಕಡಿಮೆಯಾಗುವುದಿಲ್ಲ, ನಮಗೆ ಸಿಗುವ ಸೂಚನೆ ಮಾತ್ರ ಹೋಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಮ್ಮ ವೃತ್ತಿಯವರೂ ನಂಬುವುದು ನನಗೆ ಆಶ್ಚರ್ಯ. ಬೊಗಳುವ ನಾಯಿ ಚೆನ್ನಾಗಿಯೇ ಕಚ್ಚುತ್ತದೆ, ಹೇಳಿ ಕಚ್ಚುತ್ತದೆ ಅಷ್ಟೆ.

ಆಗ ನನ್ನ ತಿಂಗಳ ಶುಲ್ಕ ಏಳು ಸಾವಿರದ ಆಸುಪಾಸಿನಲ್ಲಿತ್ತು. ಅರ್ಧ ಮೊದಲು, ಉಳಿದರ್ಧ ಒಂದು ಕೊಯ್ಲು ಕಚ್ಚದೆ ಕಳೆದ ಮೇಲೆ ಎಂದು ಒಪ್ಪಿಕೊಂಡೆ. ಈ ಷರತ್ತನ್ನು ಕೇಳಿ ಮನೆಯಲ್ಲಿ ನನಗೆ ಬೈಗುಳ ಬಿತ್ತು. ಕೆಲಸ ಹಿಡಿಯುವ ಮೊದಲು ಪಶುವೈದ್ಯರಿಂದ ಕಿವಿ, ಹಲ್ಲು, ಸೊಂಟ ನೋಡಿಸಿ, ರೇಬೀಸ್ ಲಸಿಕೆಯ ಕಾರ್ಡು ತರಿಸಿಕೊಂಡೆ. ನೋವಿರುವ ನಾಯಿಗೆ ತರಬೇತಿ ಕೊಡುವುದು ವ್ಯರ್ಥ. ಕಿವಿಯೊಳಗೆ ಕೀವು ತುಂಬಿದ್ದ ಸ್ಪಿಟ್ಜ್ ಒಂದನ್ನು ಸಿಡುಕು ನಾಯಿ ಎಂದು ನನ್ನ ಬಳಿ ತಂದುಬಿಟ್ಟವರಿದ್ದಾರೆ, ಅದರ ಸಿಡುಕನ್ನು ಕಿವಿಯ ಔಷಧಿಯೇ ಇಳಿಸಿತು.

ಮುಧೋಳದ ಮೈಯನ್ನು ಓದುವುದು ಜರ್ಮನ್ ಶೆಫರ್ಡ್ ಓದಿದಷ್ಟು ಸುಲಭವಲ್ಲ. ಶೆಫರ್ಡಿನ ಕಿವಿ ನೆಟ್ಟಗಿರುವುದರಿಂದ ಹಿಂದಕ್ಕೆ ಮಲಗಿದ್ದು ಇಪ್ಪತ್ತು ಅಡಿ ದೂರದಿಂದಲೇ ತಿಳಿಯುತ್ತದೆ. ಮುಧೋಳದ ಕಿವಿ ಮೊದಲೇ ಜೋತುಬಿದ್ದಿದ್ದು, ಅದರ ಬುಡ ಅಲುಗಿತೇ ಎಂದು ನೋಡಬೇಕಾಗುತ್ತದೆ. ಬಾಲವೂ ಆರಾಮವಾಗಿರುವಾಗಲೇ ಕೆಳಗೆ ಬಾಗಿರುತ್ತದೆ, ಹೊಟ್ಟೆ ಮೇಲಕ್ಕೆ ಸೇದಿಕೊಂಡಿರುತ್ತದೆ, ಆದುದರಿಂದ ಹೊಸಬರು ಅದನ್ನು ಹೆದರಿದ ನಾಯಿ ಎಂದುಕೊಳ್ಳುತ್ತಾರೆ. ಗುರುತಿಲ್ಲದವರು ಮೈಮುಟ್ಟುವುದು ಈ ತಳಿಗೆ ಮೊದಲಿನಿಂದಲೂ ಆಗದು, ಅದು ರೋಗವಲ್ಲ. ಇದು ಮೂಗಿನ ನಾಯಿಗಿಂತ ಕಣ್ಣಿನ ನಾಯಿ. ದೂರದಲ್ಲಿ ಅಲುಗಿದ್ದು ಮೊದಲು ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಓಡಲು ಹೆಚ್ಚು ಹೊತ್ತು ಬೇಡ. ಹೀಗಾಗಿ ನಾನು ಬಾಲ ನೋಡುವುದನ್ನು ಬಿಟ್ಟು ಬಾಯಿಯನ್ನು ಗಮನಿಸತೊಡಗಿದೆ.

ನಮ್ಮ ಬಿಸಿಲು ಇಲ್ಲಿ ನನ್ನ ಸಹಾಯಕ್ಕೆ ಬಂತು. ಏಪ್ರಿಲ್‌ನಲ್ಲಿ 38 ಡಿಗ್ರಿ ದಾಟುವ ಸೀಮೆಯಲ್ಲಿ ನಾಯಿ ಬೆಳಿಗ್ಗೆ ಎಂಟಕ್ಕೇ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಆ ತೆರೆದ ಬಾಯಿ ಇದ್ದಕ್ಕಿದ್ದಂತೆ ಮುಚ್ಚಿತೆಂದರೆ ನಾಯಿ ಏನನ್ನೋ ಗುರುತು ಹಿಡಿಯಿತು ಎಂದರ್ಥ. ನನ್ನ ಲೆಕ್ಕದಲ್ಲಿ ಬಾಯಿ ಮುಚ್ಚಿದ್ದಕ್ಕೂ ಮೈ ಬಿಗಿದದ್ದಕ್ಕೂ ನಡುವೆ ಎರಡು ಮೂರು ಸೆಕೆಂಡು ಸಿಗುತ್ತದೆ, ತರಬೇತಿ ನಡೆಯಬೇಕಾದದ್ದು ಅಷ್ಟರೊಳಗೆ. ಸೆಕೆಯ ಏದುಸಿರಿಗೂ ಅಂಜಿಕೆಯ ಏದುಸಿರಿಗೂ ವ್ಯತ್ಯಾಸ ಕಲಿಯಲು ಒಂದು ಬೇಸಿಗೆಯೇ ಹಿಡಿಯಿತು: ಸೆಕೆಯಲ್ಲಿ ನಾಲಿಗೆ ಅಗಲವಾಗಿ ಸಡಿಲವಾಗಿ ಜೋಲುತ್ತದೆ, ಅಂಜಿಕೆಯಲ್ಲಿ ಬಾಯಿಯ ಮೂಲೆಗಳು ಹಿಂದಕ್ಕೆ ಎಳೆದುಕೊಂಡು ಕೆನ್ನೆಯಲ್ಲಿ ನೆರಿಗೆ ಏಳುತ್ತದೆ, ನೆರಳಿಗೆ ತಂದು ನೀರು ಕುಡಿಸಿದರೂ ಉಸಿರು ಇಳಿಯುವುದಿಲ್ಲ. ಇನ್ನೊಂದು ಸೂಚನೆ ಅಡಿಕೆ ಒಣಗಿಸುವ ಕಣದಲ್ಲಿ ಸಿಕ್ಕಿತು. ನಾಯಿ ಬೆವರುವುದು ಮುಖ್ಯವಾಗಿ ಪಾದದ ಅಡಿಯಲ್ಲಿ. ನೀರು ತುಳಿಯದ ನಾಯಿ ಒಣ ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆ ಮೂಡಿಸುತ್ತಿದ್ದರೆ ಆ ಹೊತ್ತಿನ ಪಾಠವನ್ನು ಅಲ್ಲಿಗೇ ಮುಗಿಸುವುದು ಮೇಲು.

ಮೊದಲ ವಾರ ಯಾವ ಪಾಠವನ್ನೂ ಮಾಡದೆ ಮೊಬೈಲಿನಲ್ಲಿ ವಿಡಿಯೊ ಮಾತ್ರ ತೆಗೆದೆ. ದುಡ್ಡು ಕೊಟ್ಟವರಿಗೆ ಇದು ಸೋಮಾರಿತನವಾಗಿ ಕಂಡದ್ದು ಸಹಜ. ರಾತ್ರಿ ನಿಧಾನಗತಿಯಲ್ಲಿ ಓಡಿಸಿ ನೋಡುವಾಗ ತಿಳಿದದ್ದೇನೆಂದರೆ, ಬುಟ್ಟಿ ಹೊತ್ತ ಆಳು ಬಂದರೆ, ಹೆಂಗಸರು ಬಂದರೆ, ಟ್ರ್ಯಾಕ್ಟರ್ ಬಂದರೆ ನಾಯಿಯ ಬಾಯಿ ತೆರೆದೇ ಇರುತ್ತಿತ್ತು. ಅಡಿಕೆ ಗೊನೆ ಇಳಿಸುವ ಉದ್ದ ಬಿದಿರಿನ ದೋಟಿ ಹೊತ್ತವನು ಕಂಡೊಡನೆ ಮುಚ್ಚುತ್ತಿತ್ತು. ದೋಟಿಯನ್ನು ಕೆಳಗಿಟ್ಟು ಅದೇ ಮನುಷ್ಯ ಬಂದಾಗ ಮತ್ತೆ ತೆರೆಯುತ್ತಿತ್ತು. ಕಚ್ಚಿಸಿಕೊಂಡ ಇಬ್ಬರೂ ದೋಟಿ ಹಿಡಿದವರೇ ಎಂಬುದು ವಿಚಾರಿಸಿದ ಮೇಲೆ ಗೊತ್ತಾಯಿತು. ಬೆತ್ತದ ಏಟು ತಿಂದ ನಾಯಿಗೆ ಹೆಗಲ ಮೇಲಿನ ಉದ್ದ ಬಿದಿರು ಇನ್ನೇನಾಗಿ ಕಾಣಬೇಕು?

ಕೆಲಸ ಸುಣ್ಣದ ಪುಡಿಯಿಂದ ಶುರುವಾಯಿತು. ದೋಟಿಯೊಂದನ್ನು ನೆಲದ ಮೇಲೆ ಮಲಗಿಸಿ, ದೂರದಿಂದ ನಾಯಿಯನ್ನು ನಿಧಾನವಾಗಿ ತಂದು, ಬಾಯಿ ಮುಚ್ಚಿದ ಜಾಗದಲ್ಲಿ ಸುಣ್ಣದ ಗೆರೆ ಎಳೆದೆ. ಅರವತ್ತು ಎಪ್ಪತ್ತು ಅಡಿ ಇದ್ದಿರಬೇಕು. ಪಾಠವೆಲ್ಲ ಆ ಗೆರೆಯಿಂದ ಎರಡು ಮಾರು ಹಿಂದೆಯೇ ನಡೆಯಿತು. ನಾಯಿ ದೋಟಿಯನ್ನು ನೋಡಿ, ಬಾಯಿ ತೆರೆದೇ ಇದ್ದು, ತಾನಾಗಿ ಮುಖ ತಿರುಗಿಸಿದರೆ ನಾಲಿಗೆಯಿಂದ ಒಂದು ಟಕ್, ಒಂದು ತುತ್ತು, ಕೂಡಲೇ ದೋಟಿಯಿಂದ ದೂರ ನಾಲ್ಕು ಹೆಜ್ಜೆ. ಈ ದೂರ ಹೋಗುವುದೇ ದೊಡ್ಡ ಬಹುಮಾನ. ತುತ್ತು ಕೊಟ್ಟು ಅಲ್ಲೇ ನಿಲ್ಲಿಸುವವರು ಅರ್ಧ ಕೂಲಿ ಕೊಟ್ಟಂತೆ. ಹಿಂದೆ ಬಂದ ನಾಯಿ ನೀರಲ್ಲಿ ನೆಂದಂತೆ ಮೈ ಝಾಡಿಸಿದರೆ ಬಿಗಿತ ಇಳಿಯಿತೆಂದು ತಿಳಿದು ಮುಂದಿನ ಸರದಿಗೆ ಹೋಗುತ್ತಿದ್ದೆ, ಝಾಡಿಸದಿದ್ದರೆ ಕಾಯುತ್ತಿದ್ದೆ. ಮಲಗಿದ ದೋಟಿಯಾದ ಮೇಲೆ ಒರಗಿಸಿಟ್ಟ ದೋಟಿ, ಆಮೇಲೆ ಮನುಷ್ಯ ಹಿಡಿದು ನಿಂತ ದೋಟಿ, ಹೊತ್ತು ನಡೆಯುವ ದೋಟಿ, ಕೊನೆಗೆ ಮರಕ್ಕೆ ಎತ್ತಿ ಗೊನೆ ಇಳಿಸುವ ದೋಟಿ. ಒಂದೊಂದು ಹಂತ ಬದಲಾದಾಗಲೂ ಗೆರೆ ಮತ್ತೆ ಹಿಂದಕ್ಕೆ ಹೋಗುತ್ತದೆ. ನಡೆಯುವ ದೋಟಿಗೆ ಅದು ಐವತ್ತು ಅಡಿಗೆ ಹೋದಾಗ ಮಾಲೀಕರು ಎಲ್ಲ ಮೊದಲಿಗೇ ಬಂತು ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

ಎದೆಗೆ ಸುತ್ತಿ ಕಟ್ಟುವ, ಮುಂಭಾಗದಲ್ಲಿ ಕೊಂಡಿಯಿರುವ ಹಾರ್ನೆಸ್ಸಿಗೆ ಸಾವಿರದ ನಾನೂರು ಕೊಟ್ಟ ನೆನಪು. ಉದ್ದದ ಹಗ್ಗವನ್ನು ಮಾತ್ರ ಮಂಡಿಪೇಟೆಯಲ್ಲಿ ಹತ್ತಿ ಹುರಿಯದ್ದು ತಂದು, ಕೊಂಡಿ ಹಾಕಿಸಿ, ಇನ್ನೂರರೊಳಗೆ ಮುಗಿಸಿದೆ. ಬಾಯಿಕುಕ್ಕೆಯಲ್ಲಿ ಏದುಸಿರಿಗೆ ಎಡೆಯಿರುವ ಬುಟ್ಟಿಯಂಥದ್ದೇ ಆಗಬೇಕು. ಬಾಯಿ ಬಿಗಿಯುವ ಬಟ್ಟೆಯ ಕುಕ್ಕೆ ನಮ್ಮ ಬಿಸಿಲಿನಲ್ಲಿ ನಾಯಿಯನ್ನು ಕೊಲ್ಲಬಲ್ಲದು. ಬುಟ್ಟಿಯಂಥ ಕುಕ್ಕೆಯ ತಳಕ್ಕೆ ಅರೆದ ಶೇಂಗಾ ಬಳಿದು, ನಾಯಿ ತಾನಾಗಿಯೇ ಮೂತಿ ತೂರಿಸುವವರೆಗೆ ಪಟ್ಟಿ ಕಟ್ಟಲಿಲ್ಲ.

ತುತ್ತಿನ ವಿಷಯದಲ್ಲಿ ನಾನು ಸ್ವಲ್ಪ ಜಂಬ ಕೊಚ್ಚಿಕೊಳ್ಳಬಹುದು. ಪೊಟ್ಟಣದ ಟ್ರೀಟುಗಳಿಗೆ ಮೊದಲ ತಿಂಗಳೇ ಎರಡು ಸಾವಿರದಷ್ಟು ಕರಗಿತ್ತು. ಮಂಡಕ್ಕಿಗೆ ಬರವಿಲ್ಲದ ಊರಿನಲ್ಲಿದ್ದು ಇದೇನು ಎಂದು, ಕೋಳಿಯ ಲಿವರ್ ಬೇಯಿಸಿದ ನೀರನ್ನು ಸಪ್ಪೆ ಮಂಡಕ್ಕಿಗೆ ಚಿಮುಕಿಸಿ, ಬಾಣಲೆಯಲ್ಲಿ ಮತ್ತೆ ಗರಿಯಾಗಿಸಿ ನೋಡಿದೆ. ಹಗುರ, ಒಂದೊಂದೇ ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ, ತಿಂಗಳಿಗೆ ಮುನ್ನೂರು ದಾಟುವುದಿಲ್ಲ. ಒಗ್ಗರಣೆ ಮಂಡಕ್ಕಿ ಕೂಡದು, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ಅದರಲ್ಲಿ ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ಹೊಟ್ಟೆಪಾಡಿನ ವಿಷಯವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಆದರೆ ತುತ್ತನ್ನು ನಾಯಿ ತೆಗೆದುಕೊಳ್ಳುವ ರೀತಿಯನ್ನು ಬಚ್ಚಿಡುವುದಿಲ್ಲ: ತುಟಿಯಿಂದ ಮೆತ್ತಗೆ ತೆಗೆದುಕೊಂಡರೆ ಪಾಠ ಮುಂದುವರಿಸಬಹುದು, ಬೆರಳಿಗೆ ಹಲ್ಲು ತಾಗುವಂತೆ ಕಸಿದರೆ ಗೆರೆಯ ಸಮೀಪಕ್ಕೆ ಬಂದಿದ್ದೇವೆ, ಬಾಯಿಗಿಟ್ಟರೂ ಉಗುಳಿದರೆ ದಾಟಿದ್ದೇವೆ. ಕೊನೆಯ ಹತ್ತು ಅಡಿಯಲ್ಲಿ ದೋಟಿಯವನು ಯಾವ ಕಡೆಯಿಂದ ಹೇಗೆ ನಡೆಯಬೇಕೆಂಬುದೂ ನನ್ನಲ್ಲೇ ಇರಲಿ. ಬಂದು ನೋಡುವವರಿಗೆ ತೋರಿಸುತ್ತೇನೆ.

ಎರಡನೆಯ ತಿಂಗಳಲ್ಲಿ ಒಂದು ದಿನ ಚೇಣಿದಾರರ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದವರ, ಆಳುಗಳು ಹೇಳದೆ ಕೇಳದೆ ನಾಲ್ಕು ದೋಟಿ ಹೊತ್ತು ತೋಟಕ್ಕೆ ನುಗ್ಗಿದರು. ನಾಯಿ ಹಗ್ಗದ ತುದಿಯವರೆಗೆ ಹಾರಿತು, ಯಾರಿಗೂ ಏನೂ ಆಗಲಿಲ್ಲವಾದರೂ ಎರಡು ವಾರದ ದುಡಿಮೆ ಮಣ್ಣುಪಾಲಾಯಿತು. ಅದರ ಮರುದಿನದಿಂದ ಮೂರು ದಿನ ಪಾಠವಿಲ್ಲ, ನಿದ್ದೆ ಮತ್ತು ಮೂಸುತ್ತ ನಡೆದಾಟ ಮಾತ್ರ. ಒಮ್ಮೆ ರೇಗಿದ ಮೈ ಒಂದೇ ರಾತ್ರಿಯಲ್ಲಿ ತಣ್ಣಗಾಗುವುದಿಲ್ಲ ಎಂಬುದನ್ನು ಮಾಲೀಕರಿಗೆ ಒಪ್ಪಿಸಲು ನನಗೆ ನಾಯಿಗೆ ಕಲಿಸಿದ್ದಕ್ಕಿಂತ ಹೆಚ್ಚು ಶ್ರಮವಾಯಿತು. ಅದಾಗಿ ತಿಂಗಳೊಳಗೆ ಅವರೇ ಗಾಬರಿಯಿಂದ ಫೋನ್ ಮಾಡಿದರು: ನಾಯಿ ಮತ್ತೆ ಗುರುಗುಟ್ಟುತ್ತಿದೆ. ಅಷ್ಟು ದಿನ ನಾನು ಕಾಯುತ್ತಿದ್ದದ್ದು ಆ ಸದ್ದಿಗೇ. ಗುರುಗುಟ್ಟಿದಾಗ ಗದರದೆ, ಅಡ್ಡ ತಿರುಗಿ ದೂರ ಸರಿಯಿರಿ ಎಂದು ಮನೆಯವರಿಗೂ ಆಳುಗಳಿಗೂ ಹೇಳಿಕೊಟ್ಟೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡದೆ ಇರಲಾಗಲಿಲ್ಲ. ಒಡೆಯನನ್ನು ಕಂಡಾಗ ಬಾಲ ಬಲಕ್ಕೂ, ಗುರುತಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚು ಬೀಸುತ್ತದೆ ಎಂದು ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ್ದಾರೆ. ಮೊಬೈಲನ್ನು ಕೋಲಿಗೆ ಕಟ್ಟಿ ಮೇಲಿನಿಂದ ಹಿಡಿದು ನಾನೂ ನೋಡಿದೆ. ಲ್ಯಾಬ್ರಡಾರಿನಲ್ಲಿ ಏನೋ ಕಂಡಂತಾಯಿತು, ಮುಧೋಳದಲ್ಲಿ ಏನೂ ಹತ್ತಲಿಲ್ಲ. ನಾಯಿಗಳು ಆಕಳಿಸಿ, ಮುಖ ತಿರುಗಿಸಿ ಎದುರಿನವರನ್ನು ಶಾಂತಗೊಳಿಸುತ್ತವೆ ಎಂದು ನಾರ್ವೆಯ ತರಬೇತುಗಾರ್ತಿ ಟುರಿಡ್ ರುಗಾಸ್ ಹೇಳಿದ್ದನ್ನು ನಂಬಿ ನಾನೇ ನಾಯಿಯ ಮುಂದೆ ಆಕಳಿಸಿದ್ದೂ ಉಂಟು. ನೋಡುತ್ತಿದ್ದ ಆಳುಗಳು ಆಕಳಿಸಿದರು, ನಾಯಿ ಆಕಳಿಸಲಿಲ್ಲ. ಮುಖ ತಿರುಗಿಸಿ ಓರೆಯಾಗಿ ನಿಲ್ಲುವುದು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಚಳ್ಳಕೆರೆ ಕಡೆಯ ಕುರಿಹಟ್ಟಿಯೊಂದರಲ್ಲಿ ಕುರಿಗಾಹಿ ಅಜ್ಜನೊಬ್ಬರು ತಮ್ಮ ನಾಯಿಗಳನ್ನು ತೋರಿಸಿ ಹೇಳಿದ್ದು ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು: "ಬೊಗಳಾದು ಬಿಡ್ರಿ, ಅದು ನಮಗ ಹೇಳಾದು. ಎದ್ದು ಸುಮ್ನೆ ನಿಂತೈತಲ್ಲ, ಅದನ್ನ ನೋಡ್ರಿ."

ಎಲ್ಲ ಕಡೆ ಇದು ಫಲಿಸುತ್ತದೆ ಎಂದು ಹೇಳಲಾರೆ. ಪಟ್ಟಣದ ಮನೆಯೊಂದರಲ್ಲಿ ಊಟದ ತಟ್ಟೆ ಕಾಯುವ ಲ್ಯಾಬ್ರಡಾರ್ ಇತ್ತು. ಮಗ ದೂರ ನಿಂತು ತುತ್ತು ಎಸೆಯುತ್ತಿದ್ದ, ತಂದೆ ತಟ್ಟೆ ಕಸಿದು ಪರೀಕ್ಷಿಸುತ್ತಿದ್ದರು, ಅಜ್ಜಿ ಪಾಪವೆಂದು ಬಾಯಿಗೇ ಅನ್ನ ಇಡುತ್ತಿದ್ದರು. ಎರಡು ತಿಂಗಳಾದ ಮೇಲೆ ಅರ್ಧ ಹಣ ಮರಳಿಸಿ ಬಂದೆ. ಯಜಮಾನ ಯಾರೆಂದು ತೋರಿಸದಿದ್ದರೆ ಹೀಗೇ ಆಗುವುದು ಎಂದು ಆಗ ನಕ್ಕವರಿಗೆ ಒಂದು ಮಾತು: ಆ ಯಜಮಾನಿಕೆಯ ಮಾತು ಹುಟ್ಟಿದ್ದು ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಅದನ್ನು ಜನಪ್ರಿಯಗೊಳಿಸಿದ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ನೋಡಿದ ಮೇಲೆ 1999ರಲ್ಲಿ ಅದನ್ನು ತಿದ್ದಿ ಬರೆದರು. ನಾವು ಇನ್ನೂ ಹಳೆಯದನ್ನೇ ಹಿಡಿದಿದ್ದೇವೆ.

ತೋಟದ ನಾಯಿಗೆ ಒಟ್ಟು ಐದು ತಿಂಗಳು ಹಿಡಿಯಿತು. ಪೆಟ್ರೋಲು, ತುತ್ತು, ದೋಟಿ ಹಿಡಿದು ನಿಂತ ಹುಡುಗನ ಕೂಲಿ ಕಳೆದರೆ ನನಗೆ ಉಳಿದದ್ದು ಹದಿನೆಂಟು ಸಾವಿರದಷ್ಟು. ಬೆತ್ತದವರಿಗೆ ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಆದರೆ ಆ ತೋಟದಿಂದ ಅಕ್ಕಪಕ್ಕದ ಮೂರು ತೋಟಗಳ ಕೆಲಸ ಬಂತು, ಈಗ ಮೊದಲು ವಿಡಿಯೊ ಕಳಿಸಿದವರ ನಾಯಿಯನ್ನಷ್ಟೇ ಒಪ್ಪಿಕೊಳ್ಳುತ್ತೇನೆ. ತೋಟದ ಆ ನಾಯಿಯಲ್ಲಿ ಉಳಿದಿರುವ ಅಂಜಿಕೆ ಹಾಲಿನ ಕ್ಯಾನು ಕಟ್ಟಿದ ಬೈಕಿನದು ಮಾತ್ರ. ಕ್ಯಾನಿನ ಸದ್ದಿಗೋ ಬೈಕಿನ ಓಟಕ್ಕೋ ಬಾಯಿ ಮುಚ್ಚುತ್ತದೆ ಎಂಬುದು ವಿಡಿಯೊದಲ್ಲೂ ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಖಾಲಿ ಕ್ಯಾನನ್ನು ಬೇರೆ, ಬೈಕನ್ನು ಬೇರೆ ಇಟ್ಟು ನೋಡುತ್ತಿದ್ದೇನೆ, ಸುಣ್ಣದ ಗೆರೆ ನಲವತ್ತು ಅಡಿಯಲ್ಲಿದೆ.