ನಡೆದರೆ ಮಾತ್ರ ತಿಳಿಯುವ ಸಂಗೀತ: ವಲೆನ್ಸಿಯಾದ ಬ್ಯಾಂಡಿನಲ್ಲಿ ನನ್ನ ಕ್ಲಾರಿನೆಟ್

ಸ್ಪೇನಿನ ಪೂರ್ವ ಕರಾವಳಿಯ ವಲೆನ್ಸಿಯಾ ಪ್ರದೇಶದಲ್ಲಿ ಸುಮಾರು 550 ಸಂಗೀತ ಸಂಘಗಳಿವೆ. ಇಡೀ ಸ್ಪೇನಿನ ಬ್ಯಾಂಡುಗಳಲ್ಲಿ ಹತ್ತಿರ ಹತ್ತಿರ ಅರ್ಧ ಇಲ್ಲೇ. ಇಲ್ಲಿ ಊರಿಗೊಂದು ಬ್ಯಾಂಡ್ ಇದ್ದೇ ಇರುತ್ತದೆ. ಕೆಲವು ಊರುಗಳಲ್ಲಿ ಎರಡಿವೆ, ಆ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಕೆಲಸದ ಮೇಲೆ ಬಂದು, ನಗರದ ಬಾಡಿಗೆ ಜಾಸ್ತಿ ಅಂತ ಹೊರಗಿನ ಒಂದು ಸಣ್ಣ ಊರಲ್ಲಿ ಮನೆ ಹಿಡಿದವನು ನಾನು. ಅದರಿಂದ ಆದ ದೊಡ್ಡ ಲಾಭ ಈ ಬ್ಯಾಂಡು.

ಮೈಸೂರಿನಲ್ಲಿ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದೆ. ದಸರೆಯಲ್ಲಿ ಪೊಲೀಸ್ ಬ್ಯಾಂಡ್ ಕೇಳಿ ಹುಟ್ಟಿದ ಹುಚ್ಚು ಅದು. ಕಾಲೇಜು, ಕೆಲಸ ಅಂತ ಎಷ್ಟೋ ವರ್ಷ ವಾದ್ಯ ಪೆಟ್ಟಿಗೆಯಲ್ಲೇ ಇತ್ತು. ಇಲ್ಲಿ ಸಂಘದ ಬಾಗಿಲಿಗೆ ಹೋಗಿ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿದೆ. ನಿರ್ದೇಶಕರು ಒಂದೆರಡು ಸ್ಕೇಲ್ ನುಡಿಸಿಸಿದರು. ಒಂದು ಹಾಳೆ ಕೊಟ್ಟು ನೋಡಿ ನುಡಿಸಲು ಹೇಳಿದರು. ಆಮೇಲೆ ಮೂರನೇ ಕ್ಲಾರಿನೆಟ್ ಸಾಲಿನ ಕಡೆ ಕೈ ತೋರಿಸಿದರು. ಒಂದು ಪಕ್ಕ ಹೈಸ್ಕೂಲ್ ಹುಡುಗಿ, ಇನ್ನೊಂದು ಪಕ್ಕ ಕಿತ್ತಳೆ ತೋಟ ಮಾಡಿಕೊಂಡು ನಿವೃತ್ತರಾದ ಅಜ್ಜ. ಬಡಗಿ, ನರ್ಸು, ಮೇಷ್ಟ್ರು, ಎಲ್ಲರೂ ಇದ್ದಾರೆ. ಎಲ್ಲರ ಕೆಲಸವೂ ಮುಗಿಯಬೇಕಲ್ಲ, ಹಾಗಾಗಿ ರಿಹರ್ಸಲ್ ರಾತ್ರಿ.

ನನಗೆ ಸ್ವರಲಿಪಿ ಓದಲು ಬರುತ್ತದೆ. ಹಾಗಾಗಿ ಮೊದಲು ಕೊಟ್ಟ ಪಾಸೊದೋಬ್ಲೆಗಳು, ಅಂದರೆ ಸ್ಪೇನಿನ ಚುರುಕು ನಡಿಗೆಯ ಮಟ್ಟುಗಳು, ಸುಲಭ ಅನ್ನಿಸಿದವು. ಎರಡು ಮಾತ್ರೆಯ ಅಳತೆ, ನೇರವಾದ ಮಟ್ಟು, ದೊಡ್ಡ ಕಷ್ಟವೇನಿಲ್ಲ. ಕುರ್ಚಿಯ ಮೇಲೆ ಕೂತು ನುಡಿಸಿದರೆ ಅದು ಸ್ವಲ್ಪ ಸಪ್ಪೆಯಾಗಿಯೂ ಕೇಳುತ್ತದೆ. ಅದೇ ಮಟ್ಟನ್ನು ನಡೆಯುತ್ತಾ ನುಡಿಸಿದ ದಿನ, ಇದನ್ನು ಬರೆದವರ ತಲೆಯಲ್ಲಿ ಏನಿತ್ತು ಅಂತ ನನಗೆ ಅರ್ಥವಾಗತೊಡಗಿತು.

ನಡೆಯುವಾಗ ಬೊಂಬೊದ, ಅಂದರೆ ದೊಡ್ಡ ಡ್ರಮ್ಮಿನ, ಪೆಟ್ಟು ಎಡಗಾಲಿಗೆ ಬೀಳಬೇಕು. ವೇಗ ನಿಮಿಷಕ್ಕೆ ಸುಮಾರು 110ರಿಂದ 120 ಹೆಜ್ಜೆ. ಕ್ಲಾರಿನೆಟ್ಟಿನ ಮೌತ್‌ಪೀಸ್ ಹಲ್ಲಿಗೆ ಒತ್ತಿಕೊಂಡಿರುವುದರಿಂದ ಹೆಜ್ಜೆ ಗಟ್ಟಿಯಾಗಿ ಊರಿದರೆ ಸ್ವರವೇ ನಡುಗುತ್ತದೆ. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಹಿಮ್ಮಡಿಯಿಂದ ಮುಂಗಾಲಿಗೆ ಉರುಳಿಸಿದ ಹಾಗೆ ನಡೆಯುವುದನ್ನು ಪಕ್ಕದ ಅಜ್ಜನನ್ನು ನೋಡಿ ಕಲಿತೆ. ಮನೆಯಲ್ಲಿ ಮೆಟ್ರೊನೋಮ್ ಹಾಕಿಕೊಂಡು ಹಜಾರದಲ್ಲಿ ಆಚೆಯಿಂದೀಚೆ ನಡೆದೆ. ಕೆಳಗಿನ ಮನೆಯವರು ಏನೂ ಅನ್ನಲಿಲ್ಲ. ಅವರ ಮಗಳೂ ಟ್ರಂಬೋನ್ ಕಲಿಯುತ್ತಿದ್ದಾಳೆ!

ಬೀದಿಯಲ್ಲಿ ಹಾಳೆಯನ್ನು ವಾದ್ಯಕ್ಕೆ ಸಿಕ್ಕಿಸಿದ ಸಣ್ಣ ಕ್ಲಿಪ್ಪಿನಲ್ಲಿ ಇಟ್ಟುಕೊಳ್ಳುತ್ತೇವೆ. ಗಾಳಿ ಬಂದರೆ ಅದು ಮಡಚಿಕೊಳ್ಳುತ್ತದೆ, ಸಂಜೆಯಾದರೆ ಕಾಣಿಸುವುದಿಲ್ಲ. ಆದ್ದರಿಂದ ಬಾಯಿಪಾಠವೇ ಗತಿ. ಒಂದು ಮಟ್ಟು ಮುಗಿದ ಮೇಲೂ ಕಾಹಾ, ಅಂದರೆ ಸಣ್ಣ ಡ್ರಮ್ಮು, ತಾಳ ಬಿಡುವುದಿಲ್ಲ. ಮುಂದಿನ ಮಟ್ಟು ಶುರುವಾಗುವ ತನಕ ಅದೊಂದೇ ನಮ್ಮನ್ನು ನಡೆಸುತ್ತದೆ. ಆಗ ಸಾಲಿನಲ್ಲಿ ಹರಟೆ ಶುರು. ಪಾಸೊದೋಬ್ಲೆಗಳ ಆರಂಭದಲ್ಲಿ ಟ್ರಂಪೆಟ್ಟು, ಟ್ರಂಬೋನುಗಳು ಅಷ್ಟು ಜೋರಾಗಿ ಕೂಗುವುದು ಏಕೆ ಅಂತ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಹರಟೆ ಹೊಡೆಯುವ ವಾದಕರನ್ನೂ ಬಾಲ್ಕನಿಯಲ್ಲಿ ನಿಂತ ಜನರನ್ನೂ ಎಚ್ಚರಿಸಬೇಕಲ್ವಾ? ಮಟ್ಟನ್ನು ಕ್ಲಾರಿನೆಟ್ಟು, ಸ್ಯಾಕ್ಸೊಫೋನು ಎಲ್ಲಾ ಸೇರಿ ಒಟ್ಟಿಗೆ ನುಡಿಸುವುದಕ್ಕೂ ಇಂಥದೇ ಕಾರಣವಿದೆ. ಬಯಲಲ್ಲಿ ಒಂಟಿ ವಾದ್ಯದ ನಾದ ಚದುರಿಹೋಗುತ್ತದೆ. ಕೆಳಗೆ ಬೊಂಬಾರ್ದೀನೊ, ಅಂದರೆ ಯೂಫೋನಿಯಂ ಎಂಬ ತಗ್ಗು ದನಿಯ ಹಿತ್ತಾಳೆ ವಾದ್ಯ, ತನ್ನದೇ ಇನ್ನೊಂದು ರಾಗ ಹಾಡುತ್ತಿರುತ್ತದೆ. ಇಕ್ಕಟ್ಟಾದ ಓಣಿಗೆ ತಿರುಗಿದಾಗ ಎರಡೂ ಕಡೆಯ ಗೋಡೆಗೆ ಬಡಿದು ಅದು ಹಿಂದಿನಿಂದ ಬಂದು ತಬ್ಬುತ್ತದೆ. ನನ್ನ ಮಟ್ಟಿಗೆ ಪಾಸೊದೋಬ್ಲೆಯ ಜೀವ ಇರುವುದು ಆ ಕೆಳಗಿನ ರಾಗದಲ್ಲಿ.

ಈ ಮಟ್ಟುಗಳನ್ನು ಬರೆದವರ ಬಗ್ಗೆ ಕುತೂಹಲ ಹುಟ್ಟಿದ್ದು ಹೆಸರುಗಳಿಂದ. ಎಷ್ಟೋ ಮಟ್ಟುಗಳಿಗೆ ಮನುಷ್ಯರ ಹೆಸರೇ ಇದೆ. ಸಾಂತಿಯಾಗೊ ಲೋಪೆ 1903ರಲ್ಲಿ ಶುರುವಾದ ವಲೆನ್ಸಿಯಾ ನಗರ ಬ್ಯಾಂಡಿನ ಮೊದಲ ನಿರ್ದೇಶಕ. ಪತ್ರಕರ್ತರ ಸಂಘಕ್ಕಾಗಿ ಒಂದು ಗೂಳಿ ಕಾಳಗ ನಡೆದಾಗ ಅದರಲ್ಲಿ ಇಳಿದ ನಾಲ್ವರಿಗೂ ಒಂದೊಂದು ಪಾಸೊದೋಬ್ಲೆ ಬರೆದರು. ನಾಲ್ಕರಲ್ಲಿ ‘ಗಾಯೀತೊ’ ಗೆದ್ದಿತು. ಇವತ್ತಿಗೂ ಅದನ್ನು ನುಡಿಸದ ಬ್ಯಾಂಡ್ ಇಲ್ಲ. ಲೋಪೆ 1906ರಲ್ಲೇ ತೀರಿಕೊಂಡರು, ಇನ್ನೂ 35ರ ಆಸುಪಾಸು. ಹಾಯ್ಮೆ ತೆಯಿಶಿದೋರ್ ಬಾರ್ಸಿಲೋನಾದವರು, ಕಾರ್ಲೆಟ್ ಎಂಬ ಊರಿನಲ್ಲಿ ಬ್ಯಾಂಡ್ ನಡೆಸುತ್ತಾ ಮನೆಪಾಠ ಹೇಳುತ್ತಿದ್ದರು. ತಮ್ಮ ಬಳಿ ಪಿಯಾನೊ ಕಲಿಯುತ್ತಿದ್ದ ಹುಡುಗಿಯ ಹೆಸರನ್ನು 1925ರಲ್ಲಿ ಒಂದು ಮಟ್ಟಿಗೆ ಇಟ್ಟರು: ‘ಅಂಪಾರೀತೊ ರೋಕಾ’. ಅದು ಇಂಗ್ಲೆಂಡ್, ಅಮೆರಿಕದ ಬ್ಯಾಂಡುಗಳ ಪೆಟ್ಟಿಗೆಗೂ ಸೇರಿತು.

ಎಲ್ಲರಿಗಿಂತ ನನಗೆ ಇಷ್ಟವಾದ ಕಥೆ ಗುಸ್ತಾವೊ ಪಾಸ್ಕುವಾಲ್ ಫಾಲ್ಕೊ ಅವರದು. ಕೊಸೆಂತಾಯ್ನಾ ಎಂಬ ಬೆಟ್ಟದ ಊರಿನವರು. 1937ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗ, ಒಂದು ಪಾಸೊದೋಬ್ಲೆ ಬರೆದು ಅದಕ್ಕೆ ತಮ್ಮ ಭಾವನ ಹೆಸರಿಟ್ಟರು. ಭಾವನದು ಚಾಕೊಲೇಟ್ ಮಾಡುವ ಮನೆತನ. ಹಾಗಾಗಿ ಮಟ್ಟು ‘ಪಾಕೀತೊ ಎಲ್ ಚೊಕೊಲಾತೇರೊ’ ಆಯಿತು. ಬರೆದವರು 1946ರಲ್ಲಿ ಹೋದರು. ಮಟ್ಟು ಮಾತ್ರ ಸ್ಪೇನಿನ ಮದುವೆ, ಜಾತ್ರೆ, ಫುಟ್‌ಬಾಲ್ ಮೈದಾನ ಎಲ್ಲಾ ಕಡೆ ಹಬ್ಬಿತು. ಜನ ಭುಜಕ್ಕೆ ಭುಜ ಸೇರಿಸಿ ಸಾಲಾಗಿ ನಿಂತು, ಒಂದು ಜಾಗದಲ್ಲಿ ಮುಂದಕ್ಕೆ ಬಾಗಿ ‘ಹೇ!’ ಅಂತ ಕೂಗುತ್ತಾರೆ. ಅದನ್ನು ನುಡಿಸುವವರಿಗೆ ಬೇಜಾರು ಬಂದು ಎಷ್ಟೋ ಕಾಲವಾಗಿದೆ, ನಿಜ. ಆದರೂ ಹಾಳೆಯನ್ನು ಸರಿಯಾಗಿ ನೋಡಿ ನುಡಿಸಿದರೆ, ಎಷ್ಟು ಜಾಣತನದಿಂದ ಕಟ್ಟಿದ ಮಟ್ಟು ಅಂತ ಗೊತ್ತಾಗುತ್ತದೆ.

ಕೊಸೆಂತಾಯ್ನಾ, ಅಲ್ಕೊಯ್, ಒಂತಿನ್ಯೆಂತ್ ಕಡೆ ‘ಮೋರೊಸ್ ಇ ಕ್ರಿಸ್ತಿಯಾನೊಸ್’ ಹಬ್ಬ ಜೋರು. ಹಿಂದಿನ ಮೂರ್, ಅಂದರೆ ಮುಸ್ಲಿಂ, ಸೇನೆ ಮತ್ತು ಕ್ರೈಸ್ತ ಸೇನೆಯ ಯುದ್ಧವನ್ನು ವೇಷ ಹಾಕಿ ಆಡುತ್ತಾರೆ. ಅಲ್ಕೊಯ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಕಡೆ 14, ಇನ್ನೊಂದು ಕಡೆ 14 ತಂಡಗಳು ಬೀದಿಗಿಳಿಯುತ್ತವೆ. ಈ ಹಬ್ಬಕ್ಕೆಂದೇ ಸಂಗೀತ ಬರೆಸುವ ರೂಢಿ ಇದೆ. ಪಾಸೊದೋಬ್ಲೆ ಒಂದು ಬಗೆ. ಕ್ರೈಸ್ತ ಸೇನೆಯ ಮಾರ್ಚು ಇನ್ನೊಂದು, ಅದರಲ್ಲಿ ಹಿತ್ತಾಳೆ ವಾದ್ಯಗಳ ಅಬ್ಬರ. ಮೂರನೆಯದು ಮಾರ್ಚಾ ಮೋರಾ, ಅಂದರೆ ಮೂರ್ ಸೇನೆಯ ಮಾರ್ಚು. ಅದರ ನಡಿಗೆ ಪಾಸೊದೋಬ್ಲೆಯ ಅರ್ಧದಷ್ಟು ನಿಧಾನ. ಜನ ಭುಜ ತಾಗಿಸಿ ಸಾಲಾಗಿ ತೂಗುತ್ತಾ ಬರುತ್ತಾರೆ, ಹಿಂದೆ ನಾವು. ಅಷ್ಟು ನಿಧಾನಕ್ಕೆ ನಡೆಯುತ್ತಾ ಉಸಿರು ಹಿಡಿದು ಉದ್ದ ಸಾಲುಗಳನ್ನು ನುಡಿಸುವುದು ಓಡುವುದಕ್ಕಿಂತ ಸುಸ್ತು. ಬೆನ್ನು ಹಿಡಿದುಕೊಳ್ಳುತ್ತದೆ.

ಇಲ್ಲಿ ನನಗೊಂದು ಪುಕ್ಕಟೆ ಅನುಕೂಲವಿತ್ತು. ಚಿಕ್ಕಂದಿನಲ್ಲಿ ಮನೆಯಲ್ಲಿ ಹಾಡಿಸಿದ ಸರಳೆ ವರಸೆ ಮಾಯಾಮಾಳವಗೌಳದಲ್ಲೇ ಅಲ್ವಾ? ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಹಾರುವ ಆ ದೊಡ್ಡ ಹೆಜ್ಜೆ ಮಾರ್ಚಾ ಮೋರಾಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಪಾಸ್ಕುವಾಲ್ ಮಾರ್ಕಿನಾ ಬರೆದ ‘ಎಸ್ಪಾನ್ಯಾ ಕಾನ್ಯೀ’ ತರಹದ ಮಟ್ಟುಗಳಲ್ಲಿ ಸ್ಪೇನಿನದೇ ಅನ್ನಿಸುವ ಆ ಬಣ್ಣ ಬರುವುದೂ ಇಂಥ ಸ್ವರಗಳಿಂದಲೇ. ಅವನ್ನು ಸಾಲಾಗಿ ಇಟ್ಟರೆ ನಮ್ಮ ವಕುಳಾಭರಣಕ್ಕೆ ತುಂಬಾ ಹತ್ತಿರ. ಹಾಗಾಗಿ ಬೆರಳು ಬೇಗ ಹೊಂದಿಕೊಂಡವು. ಆದರೆ ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಆಗುವುದಿಲ್ಲ. ಇಲ್ಲಿ ಗಮಕ ಹಾಕಿದರೆ ಪಕ್ಕದವರ ಜೊತೆ ಶ್ರುತಿ ಕೂಡುವುದಿಲ್ಲ, ಕೆಳಗಿನ ಹಾರ್ಮನಿ ಕೆಸರಾಗುತ್ತದೆ. ಸ್ವರವನ್ನು ನೇರ ಇಟ್ಟು, ಬೇಕಾದ ಒತ್ತು ಕೊಟ್ಟು, ಅಲ್ಲಿಗೇ ಬಿಡಬೇಕು. ಇನ್ನೊಂದು ಮಾತು. ಇದನ್ನು ಅರಬ್ ಸಂಗೀತ ಅಂದುಕೊಳ್ಳಬೇಡಿ. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಈ ಊರುಗಳ ಬ್ಯಾಂಡಿನವರು ಕಲ್ಪಿಸಿಕೊಂಡ ಮೂರ್ ಜನರ ಸಂಗೀತ ಇದು. ಹಾಗೆ ಕೇಳಿದರೆ ಚೆನ್ನಾಗಿಯೇ ಇದೆ.

ಹೋಸೆ ಮರಿಯಾ ಫೆರ್ರೆರೊ 1964ರಲ್ಲಿ ಬರೆದ ‘ಚೀಮೊ’ ನನ್ನ ಮೆಚ್ಚಿನ ಮಾರ್ಚಾ ಮೋರಾ. ಅದೂ ಒಬ್ಬರ ಹೆಸರೇ ನೋಡಿ. ಅಲ್ಕೊಯ್‌ನ ಅಮಾಂದೊ ಬ್ಲಾಂಕೆರ್ ಪ್ಯಾರಿಸ್ಸಿಗೆ ಹೋಗಿ ಫ್ರಾನ್ಸಿನ ಹೆಸರಾಂತ ಸಂಗೀತ ರಚನೆಕಾರ ಒಲಿವಿಯೆ ಮೆಸಿಯಾನ್ ಹತ್ತಿರ ಕಲಿತವರು. ದೊಡ್ಡ ದೊಡ್ಡ ಕೃತಿ ಬರೆದರು, ತಮ್ಮ ಊರ ಹಬ್ಬಕ್ಕೆ ಬರೆಯುವುದನ್ನೂ ಬಿಡಲಿಲ್ಲ. ಕ್ರೈಸ್ತ ಮಾರ್ಚುಗಳಲ್ಲಿ ಮೊದಲನೆಯದು ಅಂತ ಎಲ್ಲರೂ ಹೇಳುವ ‘ಅಲೆಲೂಯಾ’ ಅವರದೇ, 1958ರದು.

ಇನ್ನು ಒಳಾಂಗಣದ ಕಛೇರಿ. ಇಲ್ಲಿ ಸೆಲ್ಲೊ, ಡಬಲ್ ಬೇಸ್ ಕೂಡ ಬ್ಯಾಂಡಿನಲ್ಲಿ ಕೂರುತ್ತವೆ. ಪಿಟೀಲು ಮಾತ್ರ ಇಲ್ಲ, ಅದರ ಪಾಲು ನಮಗೆ. ಸ್ಪೇನಿನ ಸಂಗೀತ ನಾಟಕ ಸಾರ್ಸುವೆಲಾದ ಪೀಠಿಕೆಗಳು ಪ್ರತಿ ವರ್ಷ ಇದ್ದೇ ಇರುತ್ತವೆ. ರುಪೆರ್ತೊ ಚಾಪಿಯವರ ‘ಎಲ್ ತಾಂಬೋರ್ ದೆ ಗ್ರನದೇರೊಸ್’ ನುಡಿಸಲು ಖುಷಿ. ಚಾಪಿ ಸ್ವತಃ ಇದೇ ಪ್ರದೇಶದ ವಿಯೇನಾ (Villena) ಊರಿನ ಬ್ಯಾಂಡಿನಲ್ಲಿ ಬೆಳೆದ ಹುಡುಗ. ಹೆರೊನಿಮೊ ಹಿಮೇನೆಸ್ ಅವರ ‘ಲಾ ಬೋದಾ ದೆ ಲೂಯಿಸ್ ಅಲೋನ್ಸೊ’ ನಡುಮಟ್ಟು ಮಾತ್ರ ಕ್ಲಾರಿನೆಟ್ಟಿನವರ ನಿದ್ದೆ ಕೆಡಿಸುತ್ತದೆ. ಪಿಟೀಲು ಉಸಿರಾಡಬೇಕಿಲ್ಲ, ನಾವು ಆಡಬೇಕು. ಉಪಾಯ ಏನೆಂದರೆ ಒಂದು ಸ್ಟ್ಯಾಂಡಿನ ಇಬ್ಬರು ಬೇರೆಬೇರೆ ಜಾಗದಲ್ಲಿ ಉಸಿರು ತೆಗೆದುಕೊಳ್ಳುವುದು. ನಾನು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತೇನೆ, ಹುಡುಗಿ ಅದರ ಮುಂದಿನ ಸಾಲಿನಲ್ಲಿ ಹಾಕುತ್ತಾಳೆ. ಅಭ್ಯಾಸವನ್ನು ಅರ್ಧ ವೇಗದಲ್ಲಿ, ಕೊನೆಯ ಸಾಲಿನಿಂದ ಹಿಂದಕ್ಕೆ ಮಾಡುತ್ತೇನೆ. ಕೊನೆ ಗಟ್ಟಿಯಾದರೆ ಧೈರ್ಯ ಬರುತ್ತದೆ.

ವಲೆನ್ಸಿಯಾ ನಗರದ ಬ್ಯಾಂಡ್ ಸ್ಪರ್ಧೆ 1886ರಿಂದ ನಡೆದು ಬಂದಿದೆ. ಎಲ್ಲರೂ ನುಡಿಸಲೇಬೇಕಾದ ಒಂದು ಕೃತಿ, ತಾವೇ ಆರಿಸಿಕೊಂಡ ಇನ್ನೊಂದು. ಈ ಪೈಪೋಟಿಯಿಂದಲೇ ಇಂದಿನ ದೊಡ್ಡ ಬ್ಯಾಂಡ್ ಕೃತಿಗಳು ಬೆಳೆದವು ಅಂತ ನನ್ನ ಅನಿಸಿಕೆ. ಲೀರಿಯಾ ಎಂಬ ಊರನ್ನೇ ನೋಡಿ. ಅಲ್ಲಿ ಎರಡು ಬ್ಯಾಂಡುಗಳು: ಪ್ರಿಮಿತೀವಾ 1819ರದು, ಊನಿಯೋನ್ ಮುಸಿಕಾಲ್ 1903ರದು. ಒಂದು ಬ್ಯಾಂಡ್ ಕಷ್ಟದ್ದನ್ನು ಎತ್ತಿಕೊಂಡರೆ ಇನ್ನೊಂದಕ್ಕೆ ಅದಕ್ಕಿಂತ ಕಷ್ಟದ್ದು ಬೇಕು. ಬರೆಯುವವರಿಗೆ ಕೈತುಂಬಾ ಕೆಲಸ. ಫೆರ್ರೆರ್ ಫೆರ್ರಾನ್, ಲೂಯಿಸ್ ಸೆರ್ರಾನೊ ಅಲರ್ಕೋನ್, ನೊವೆಲ್ದಾ ಊರಿನ ಓಸ್ಕರ್ ನವಾರ್ರೊ, ಎಲ್ಲರೂ ಈ ಮಣ್ಣಿನವರೇ. ಅಲರ್ಕೋನ್ ಅವರ ‘ದುಯೆಂದೆ’ಯ ನಾಲ್ಕು ತುಣುಕುಗಳಲ್ಲಿ ದಕ್ಷಿಣ ಸ್ಪೇನಿನ ಹಾಡು-ಕುಣಿತವಾದ ಫ್ಲಮೆಂಕೊದ ನೆರಳಿದೆ, ಆದರೆ ಎಲ್ಲೂ ಪ್ರವಾಸಿಗಳಿಗೆ ತೋರಿಸುವ ಫ್ಲಮೆಂಕೊ ಅಲ್ಲ. ನುಡಿಸಲು ತುಂಬಾ ಕಷ್ಟ, ಕೇಳಲು ಪುಣ್ಯ. ನವಾರ್ರೊ ಅವರ ‘ಲಿಬೆರ್ತದೋರೆಸ್’ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕರಾದ ಬೊಲಿವಾರ್, ಸಾನ್ ಮಾರ್ತಿನ್ ಅವರ ನೆನಪಿಗೆ ಬರೆದದ್ದು. ಅದರಲ್ಲಿ ವಾದಕರೇ ದನಿ ಎತ್ತಿ ಹಾಡಬೇಕು. ಕೆಲವರು ಇದನ್ನು ಸಿನಿಮಾ ಸಂಗೀತ ಅಂತ ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೀದಿಯಲ್ಲಿ ಕಿವಿ ಪಳಗಿಸಿಕೊಂಡವರಿಗೆ ಎದುರಿಗೆ ನಿಂತ ಜನರನ್ನು ಮರೆತು ಬರೆಯಲು ಬರುವುದಿಲ್ಲ, ಅಷ್ಟೇ.

ನಮ್ಮ ಕಡೆಯ ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸುವವರು ಯಾರಾದರೂ ಈ ಸಂಗೀತ ಶುರು ಮಾಡುವುದಾದರೆ ‘ಅಂಪಾರೀತೊ ರೋಕಾ’ದಿಂದ ಶುರು ಮಾಡಿ. ಹಾಳೆ ಸುಲಭವಾಗಿ ಸಿಗುತ್ತದೆ. ಸ್ಟುಡಿಯೊದಲ್ಲಿ ನುಣುಪು ಮಾಡಿದ ಧ್ವನಿಮುದ್ರಣಕ್ಕಿಂತ ಬೀದಿಯಲ್ಲಿ ಫೋನಿನಲ್ಲಿ ಹಿಡಿದ ವಿಡಿಯೊ ನೋಡಿ. ಕಾಲು ಎಲ್ಲಿ ಬೀಳುತ್ತದೆ ಅಂತ ಅದರಲ್ಲಿ ಕಾಣುತ್ತದೆ. ಮೊದಲು ನಿಮಿಷಕ್ಕೆ 90ರಲ್ಲಿ ನಡೆಯುತ್ತಾ ಬರಿ ಹಾಡಿಕೊಳ್ಳಿ, ಆಮೇಲೆ ವಾದ್ಯ ಎತ್ತಿ. ವಲೆನ್ಸಿಯಾಗೇ ಬರುವವರಿದ್ದರೆ ಮಾರ್ಚ್ ತಿಂಗಳ ಫಾಯಾಸ್ ಹಬ್ಬಕ್ಕೆ ಬನ್ನಿ. 15ರಿಂದ 19ರವರೆಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬ್ಯಾಂಡುಗಳು ಬೀದಿಯಲ್ಲೇ ಇರುತ್ತವೆ. ಸುವೇಕಾದ ಹೋಸೆ ಸೆರ್ರಾನೊ 1929ರಲ್ಲಿ ಬರೆದ ‘ಎಲ್ ಫಾಯೇರೊ’ ಕಿವಿ ತುಂಬಿ ಹೋಗುವಷ್ಟು ಕೇಳುತ್ತದೆ. ನುಡಿಸಲು ಸೇರಿಸಿಕೊಳ್ಳಿ ಅಂತ ಕೇಳುವವರು ಅದನ್ನೊಂದು ಬಾಯಿಪಾಠ ಮಾಡಿಕೊಂಡು, ಮೆತ್ತನೆಯ ಅಟ್ಟೆಯ ಹಳೇ ಶೂ ಹಾಕಿಕೊಂಡು ಬರಬೇಕು.